ಐದು ಗಂಟೆಯ ಭಜನೆ, ಐವತ್ತೊಂದು ನಿಮಿಷದ ಫೈಲು: ದೊಡ್ಡ ಧ್ವನಿಮುದ್ರಣದೊಳಗೆ ಅಡಗಿದ ಧ್ವನಿಯನ್ನು ಮರಳಿ ಪಡೆಯುವ ಬಗೆ

ಉಳವಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಪದ್ಧತಿ ಇಂದಿಗೂ ನಿಂತಿಲ್ಲ. ಮಾಘ ಮಾಸದ ಭಾರತ ಹುಣ್ಣಿಮೆ ಸಮೀಪಿಸುತ್ತಿದ್ದಂತೆ ಧಾರವಾಡ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಹೊರಟ ಬಂಡಿಗಳು ಹಳಿಯಾಳ, ದಾಂಡೇಲಿಗಳನ್ನು ದಾಟಿ, ಕಾಡಿನ ನಡುವಣ ದಾರಿ ಹಿಡಿದು, ಜೋಯಿಡಾ ತಾಲ್ಲೂಕಿನಲ್ಲಿರುವ ಚನ್ನಬಸವಣ್ಣನವರ ಐಕ್ಯಸ್ಥಳವನ್ನು ಸೇರುತ್ತವೆ. ದಾರಿಯಲ್ಲಿ ರಾತ್ರಿ ಬೀಡುಬಿಟ್ಟ ಊರಿನಲ್ಲಿ ಎತ್ತುಗಳ ನೊಗ ಇಳಿಸಿ, ಮೇವು ಹಾಕಿ, ಪ್ರಸಾದ ಮುಗಿಸಿದ ಮೇಲೆ ಭಜನೆ ಆರಂಭವಾಗುತ್ತದೆ. ಅದು ಎಷ್ಟು ಹೊತ್ತಿಗೆ ಮುಗಿಯಬೇಕೆಂಬ ನಿಯಮವಿಲ್ಲ. ಹಾಡುವವರಿಗೆ ಸಾಕೆನಿಸಬೇಕು, ಇಲ್ಲವೇ ಬೆಳಗಾಗಬೇಕು.

ಕೆಲವು ವರ್ಷಗಳ ಹಿಂದೆ ಹಳಿಯಾಳ ತಾಲ್ಲೂಕಿನ ಒಂದು ಊರಿನಲ್ಲಿ ನಡೆದ ಅಂಥ ಒಂದು ರಾತ್ರಿಯ ಭಜನೆಯನ್ನು ನಮ್ಮ ಬಳಗದ ಯುವಕರು ಧ್ವನಿಮುದ್ರಿಸಿಕೊಂಡಿದ್ದರು. ಎರಡು ಮೈಕುಗಳು, ಒಂದು ಲ್ಯಾಪ್‌ಟಾಪು, ವಿದ್ಯುತ್ತು ಹೋದರೆ ಇರಲೆಂದು ಒಂದು ಇನ್ವರ್ಟರ್. ಮೊದಲು ಕಿರಿಯರು ಹಾಡಿದರು. ಮೇಳದ ಹಿರಿಯರೊಬ್ಬರು ತಾಳ ಹಿಡಿದು ಕುಳಿತವರು ನಡುರಾತ್ರಿ ಕಳೆದ ಮೇಲೆಯೇ ಬಾಯಿ ತೆರೆದರು. ಅವರು ಹಾಡಿದ ಪದಗಳಲ್ಲಿ ಹಲವು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರಿಗೆ ಅವರ ತಂದೆಯವರಿಂದ ಬಂದವು. ಅದೇ ವರ್ಷದ ಮಳೆಗಾಲದಲ್ಲಿ ಅವರು ಲಿಂಗೈಕ್ಯರಾದರು. ಅವರ ಮಗ ಪೆನ್‌ಡ್ರೈವ್ ಹಿಡಿದು ನಮ್ಮಲ್ಲಿಗೆ ಬಂದು, "ಅಪ್ಪಾರ ಧ್ವನಿ ಐತಂತಲ್ರೀ, ಕೊಡ್ರಿ" ಎಂದು ಕೇಳಿದಾಗ ಫೈಲನ್ನು ತೆರೆದೆವು. ಐದು ಗಂಟೆಗಳ ಮುದ್ರಣ ಎಂದು ನಂಬಿಕೊಂಡಿದ್ದ ಆ ಫೈಲು ಐವತ್ತೊಂದು ನಿಮಿಷವಾಗುತ್ತಲೇ ನಿಂತುಬಿಟ್ಟಿತು. ಅಷ್ಟರಲ್ಲಿ ಕೇಳಿಸಿದ್ದು ಕಿರಿಯರ ಹಾಡು, ನಡುವೆ ಹಿರಿಯರ ತಾಳ, ಒಂದೆರಡು ಸಲ ಅವರ ಕೆಮ್ಮು.

ಲ್ಯಾಪ್‌ಟಾಪು ಕೈಕೊಟ್ಟಿತು, ಮುದ್ರಣವಾಗಿಯೇ ಇಲ್ಲ ಎಂದು ಯುವಕರು ಕೈಚೆಲ್ಲಿದರು. ಮುದ್ರಿಸಿದ ಹುಡುಗನಂತೂ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಆದರೆ ಅವನ ತಪ್ಪೇನೂ ಇರಲಿಲ್ಲ, ಧ್ವನಿಯೂ ಹೋಗಿರಲಿಲ್ಲ. ಐದು ಗಂಟೆಯೂ ಆ ಫೈಲಿನೊಳಗೇ ಇತ್ತು. ಅದು ಹೇಗೆ ಸಾಧ್ಯ, ಅದನ್ನು ಹೇಗೆ ಹೊರತೆಗೆಯಬೇಕು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಇಲ್ಲಿ ಬರೆಯುತ್ತಿದ್ದೇವೆ. ಏಕೆಂದರೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗದ ಭಕ್ತರ ಮನೆಗಳಲ್ಲಿ ಹೀಗೆ "ಕೆಟ್ಟುಹೋದ" ಪ್ರವಚನಗಳ, ಭಜನೆಗಳ ಫೈಲುಗಳು ಇನ್ನೂ ಇರಬಹುದು. ಅವುಗಳನ್ನು ಅಳಿಸುವ ಮೊದಲು ಇದನ್ನೊಮ್ಮೆ ಓದಬೇಕೆಂದು ಕೋರುತ್ತೇವೆ.

ತಲೆಬರಹದ ಲೆಕ್ಕ

ಧ್ವನಿಯನ್ನು ಯಾವ ಕುಂದೂ ಇಲ್ಲದಂತೆ ಉಳಿಸಲು ಹೆಚ್ಚಾಗಿ ಬಳಕೆಯಲ್ಲಿರುವುದು 'ವೇವ್' ಎಂಬ ಬಗೆಯ ಫೈಲು. ಮೈಕ್ರೋಸಾಫ್ಟ್ ಮತ್ತು ಐಬಿಎಂ ಸಂಸ್ಥೆಗಳು 1991ರಲ್ಲಿ ಇದರ ಕಟ್ಟಳೆಯನ್ನು ರೂಪಿಸಿದವು. ಇದರ ರಚನೆ ಬಹಳ ಸರಳ. ಮೊದಲಿಗೆ ಒಂದು ಚಿಕ್ಕ ತಲೆಬರಹ. ಕಂಪ್ಯೂಟರಿನವರು ಇದನ್ನು ಹೆಡರ್ ಎನ್ನುತ್ತಾರೆ. ಇದರ ಹಿಂದೆ ಮೊದಲಿನಿಂದ ಕೊನೆಯವರೆಗೆ ಧ್ವನಿಯೇ ಸಾಲಾಗಿ ತುಂಬಿರುತ್ತದೆ. ಈ ಧ್ವನಿ ಎಷ್ಟು ವೇಗದಲ್ಲಿ ಮುದ್ರಣವಾಗಿದೆ, ಒಂದು ಮೈಕಿನದೋ ಎರಡು ಮೈಕಿನದೋ, ಒಟ್ಟು ಎಷ್ಟು ಬೈಟು ಇದೆ ಎಂಬ ಮಾಹಿತಿ ತಲೆಬರಹದಲ್ಲಿರುತ್ತದೆ.

ತಾಡವೋಲೆಯ ಕಟ್ಟನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಕಟ್ಟಿನ ಮೇಲಿನ ಗರಿಯಲ್ಲಿ "ಇದರಲ್ಲಿ ಇಷ್ಟು ಗರಿಗಳಿವೆ" ಎಂದು ಬರೆದಿದೆ ಎಂದುಕೊಳ್ಳಿ. ಗರಿಗಳು ಹೆಚ್ಚೇ ಇದ್ದು ಬರೆದ ಸಂಖ್ಯೆ ಕಡಿಮೆಯಾಗಿದ್ದರೆ, ಆ ಬರಹವನ್ನು ನಂಬಿ ಓದುವವನು ಅಷ್ಟೇ ಗರಿಗಳನ್ನು ಓದಿ ಕಟ್ಟನ್ನು ಮುಚ್ಚಿಡುತ್ತಾನೆ. ಉಳಿದ ಗರಿಗಳು ಎಲ್ಲಿಗೂ ಹೋಗಿರುವುದಿಲ್ಲ. ಓದುವವನು ಅವುಗಳತ್ತ ನೋಡಿರುವುದಿಲ್ಲ, ಅಷ್ಟೆ.

ವೇವ್ ಫೈಲಿನ ತೊಡಕು ಇಲ್ಲಿಯೇ ಇದೆ. ಒಟ್ಟು ಬೈಟುಗಳ ಸಂಖ್ಯೆಯನ್ನು ಬರೆಯಲು ತಲೆಬರಹದಲ್ಲಿ ಬಿಟ್ಟಿರುವ ಜಾಗ 32 ಬಿಟ್ಟುಗಳದು ಮಾತ್ರ. ಆ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4,29,49,67,295. ನಾವು ಸಾಮಾನ್ಯವಾಗಿ 4 ಜಿಬಿ ಎನ್ನುವುದು ಇದನ್ನೇ. 1991ರಲ್ಲಿ ಮನೆಯ ಕಂಪ್ಯೂಟರಿನ ಇಡೀ ಡಿಸ್ಕಿನಲ್ಲಿಯೂ ಇಷ್ಟು ಜಾಗ ಇರಲಿಲ್ಲ. ಆದ್ದರಿಂದ ಅದನ್ನು ರೂಪಿಸಿದವರಿಗೆ ಆಗ ಇದು ಸಾಕೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಸಂಖ್ಯೆಯನ್ನು ದಾಟಿದಾಗ ಏನಾಗುತ್ತದೆ? ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರು 99,999 ಆದ ಮೇಲೆ ಮತ್ತೆ ಸೊನ್ನೆಗೆ ತಿರುಗುವುದನ್ನು ಕಂಡಿದ್ದೇವೆ. ಗಾಡಿ ಓಡಿದ್ದು ಲಕ್ಷ ಕಿಲೋಮೀಟರ್. ಮೀಟರು ತೋರಿಸುವುದು ಸೊನ್ನೆ. ಇಲ್ಲಿಯೂ ಹಾಗೆಯೇ.

ಆ ರಾತ್ರಿಯ ಮುದ್ರಣವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಸೆಕೆಂಡಿಗೆ 48,000 ಮಾದರಿಗಳು, ಪ್ರತಿ ಮಾದರಿಗೆ 24 ಬಿಟ್ಟು ಅಂದರೆ 3 ಬೈಟು, ಎರಡು ಮೈಕು. ಇವನ್ನು ಗುಣಿಸಿದರೆ ಒಂದು ಸೆಕೆಂಡಿಗೆ 2,88,000 ಬೈಟು. ಸರಿಯಾಗಿ ಐದು ಗಂಟೆಗೆ 5,18,40,00,000 ಬೈಟು. ಮೀಟರು ಒಂದು ಸುತ್ತು ತಿರುಗಿದ್ದರಿಂದ ಇದರಲ್ಲಿ 4,29,49,67,296 ಬೈಟುಗಳು ಲೆಕ್ಕದಿಂದ ಬಿಟ್ಟುಹೋದವು. ತಲೆಬರಹದಲ್ಲಿ ಉಳಿದದ್ದು 88,90,32,704. ಇದನ್ನು 2,88,000ದಿಂದ ಭಾಗಿಸಿದರೆ ಬರುವುದು 3,086 ಸೆಕೆಂಡು ಮತ್ತು ಸ್ವಲ್ಪ, ಅಂದರೆ 51 ನಿಮಿಷ 27 ಸೆಕೆಂಡು. ನಮ್ಮ ಮುಂದೆ ನಿಂತುಹೋದ ಫೈಲಿನ ಅವಧಿ ಇದೇ. ಕಾಗದದ ಮೇಲೆ ಈ ಲೆಕ್ಕ ತಾಳೆಯಾದಾಗ ನಮಗಾದ ಸಮಾಧಾನ ಅಷ್ಟಿಷ್ಟಲ್ಲ. ಇನ್ನುಳಿದ 4 ಗಂಟೆ 8 ನಿಮಿಷ 33 ಸೆಕೆಂಡುಗಳ ಧ್ವನಿ ಒಳಗೇ ಇರಲೇಬೇಕು ಎಂದು ಆಗಲೇ ಖಚಿತವಾಯಿತು.

ಹೀಗಾಗಿ ಮೊದಲು ನೋಡಬೇಕಾದದ್ದು ಫೈಲಿನ ಅವಧಿಯನ್ನಲ್ಲ, ಅದರ ಗಾತ್ರವನ್ನು. ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆದರೆ ಒಟ್ಟು ಬೈಟುಗಳ ಸಂಖ್ಯೆ ಕಾಣುತ್ತದೆ. ಈ ಸಂಖ್ಯೆಯನ್ನು ಕಂಪ್ಯೂಟರು ತಾನೇ ಎಣಿಸಿ ಹೇಳುವುದು. ತಲೆಬರಹವನ್ನು ಕೇಳಿ ಹೇಳುವುದಲ್ಲ. ಐವತ್ತೊಂದು ನಿಮಿಷದ ಫೈಲಿಗೆ ಒಂದು ಜಿಬಿಯೂ ಬೇಕಾಗಿಲ್ಲ. ಅದು 4.82 ಜಿಬಿ ಎಂದು ತೋರಿಸುತ್ತಿದ್ದರೆ ಒಳಗೆ ಇನ್ನೂ ಧ್ವನಿ ಇದೆ ಎಂದೇ ಅರ್ಥ.

ಎಲ್ಲ ತಂತ್ರಾಂಶಗಳೂ ಒಂದೇ ರೀತಿ ತಪ್ಪುವುದಿಲ್ಲ. ಕೆಲವು ತಲೆಬರಹದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯನ್ನೇ ಬರೆದು ಸುಮ್ಮನಾಗುತ್ತವೆ; ಆಗ ನಮ್ಮ ಐದು ಗಂಟೆಯ ಫೈಲು 4 ಗಂಟೆ 8 ನಿಮಿಷಕ್ಕೆ ನಿಲ್ಲುತ್ತದೆ. ಹಳೆಯ ಕೆಲವು ತಂತ್ರಾಂಶಗಳು 2 ಜಿಬಿ ದಾಟುತ್ತಲೇ ತಬ್ಬಿಬ್ಬಾಗುತ್ತವೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯಿದೆ. ಒಟ್ಟು ಸಂಖ್ಯೆಯನ್ನು ತಲೆಬರಹದಲ್ಲಿ ತುಂಬುವುದು ಬಹುಮಟ್ಟಿಗೆ ಮುದ್ರಣ ಮುಗಿಸುವ ಗುಂಡಿ ಒತ್ತಿದ ಮೇಲೆ. ಅದಕ್ಕೂ ಮೊದಲು ವಿದ್ಯುತ್ತು ಹೋದರೆ, ಬ್ಯಾಟರಿ ಮುಗಿದರೆ, ಸೊನ್ನೆಯೇ ಉಳಿಯುತ್ತದೆ. ಮಳೆಗಾಲದಲ್ಲಿ ಜೋಯಿಡಾದ ಕಾಡಂಚಿನ ಊರುಗಳಲ್ಲಿ ತಂತಿಯ ಮೇಲೆ ಮರ ಬಿದ್ದರೆ ವಿದ್ಯುತ್ತು ಯಾವಾಗ ಬರುತ್ತದೆಂದು ಕೇಳುವುದನ್ನೇ ಜನ ಬಿಟ್ಟಿರುತ್ತಾರೆ. ಅಂಥಲ್ಲಿ ಶ್ರಾವಣದ ಪ್ರವಚನವನ್ನು ಮುದ್ರಿಸಿದ ಫೈಲು "0:00" ಎಂದು ತೋರಿಸಿದರೆ ಗಾಬರಿಯಾಗಬೇಕಾಗಿಲ್ಲ. ಗಾತ್ರ ನೋಡಿ. ಗಾತ್ರವಿದ್ದರೆ ಅದಕ್ಕೂ ಇದೇ ಮದ್ದು.

ಮೊದಲು ಮಾಡಬಾರದ ಕೆಲಸ

ಮದ್ದಿಗಿಂತ ಪಥ್ಯ ಮುಖ್ಯ. ಅರ್ಧವೇ ಕೇಳಿಸುವ ಫೈಲನ್ನು ಯಾವ ಕಾರಣಕ್ಕೂ ಧ್ವನಿ ಸಂಪಾದಿಸುವ ತಂತ್ರಾಂಶದಲ್ಲಿ ತೆರೆದು, ಸ್ವಲ್ಪ ಕತ್ತರಿಸಿ, ಅದೇ ಹೆಸರಿನಲ್ಲಿ ಮತ್ತೆ ಉಳಿಸಬಾರದು. ಹಾಗೆ ಮಾಡಿದರೆ ತಂತ್ರಾಂಶವು ತಾನು ಓದಿದ ಐವತ್ತೊಂದು ನಿಮಿಷಗಳನ್ನಷ್ಟೇ ಹೊಸದಾಗಿ ಬರೆದು, ಉಳಿದ ನಾಲ್ಕು ಗಂಟೆಗಳನ್ನು ನಿಜವಾಗಿಯೂ ಕಳೆದುಬಿಡುತ್ತದೆ. ಮುಂಡಗೋಡ ಕಡೆಯ ಭಕ್ತರೊಬ್ಬರು ತಂದುಕೊಟ್ಟ ಪ್ರವಚನದ ಫೈಲಿಗೆ ಹೀಗೆಯೇ ಆಗಿತ್ತು. ಆರಂಭದಲ್ಲಿ ಮೈಕು ಸರಿಪಡಿಸುವ ಸದ್ದಿದೆ ಎಂದು ಮನೆಯವರು ಅದನ್ನು ಕತ್ತರಿಸಿ ಉಳಿಸಿದ್ದರು. ನಮ್ಮ ಕೈಗೆ ಬಂದಾಗ ಫೈಲಿನ ಗಾತ್ರವೇ ಚಿಕ್ಕದಾಗಿತ್ತು. ಮೂಲ ಮೆಮೊರಿ ಕಾರ್ಡಿನಲ್ಲಿ ಹುಡುಕೋಣವೆಂದರೆ ಅದರ ಮೇಲೆ ಮದುವೆಯೊಂದರ ವಿಡಿಯೊ ಮುದ್ರಣವಾಗಿತ್ತು. ಅಲ್ಲಿ ನಮ್ಮ ಕೈಲಿ ಏನೂ ಆಗಲಿಲ್ಲ.

ಅಂತರ್ಜಾಲದಲ್ಲಿ "ಕೆಟ್ಟ ಫೈಲನ್ನು ಸರಿಮಾಡಿಕೊಡುತ್ತೇವೆ" ಎನ್ನುವವರೂ ಇದ್ದಾರೆ. ಐದು ಜಿಬಿಯ ಫೈಲನ್ನು ಜೋಯಿಡಾದಿಂದ ಅಲ್ಲಿಗೆ ಕಳುಹಿಸುವುದು ಎಷ್ಟು ದಿನದ ಕೆಲಸ ಎಂಬುದು ಅಲ್ಲಿ ಮೊಬೈಲು ಹಿಡಿದು ಗುಡ್ಡ ಹತ್ತಿದವರಿಗೆ ಗೊತ್ತು. ಅದು ಹೇಗೂ ಇರಲಿ, ಯಾರೆಂದು ತಿಳಿಯದವರ ಕೈಗೆ ಮನೆಯವರ ಧ್ವನಿಯನ್ನು ಕೊಡುವ ಅಗತ್ಯ ಇಲ್ಲವೇ ಇಲ್ಲ. ಇದು ಮನೆಯಲ್ಲಿಯೇ, ಉಚಿತ ತಂತ್ರಾಂಶದಿಂದ ಆಗುವ ಕೆಲಸ.

ಆದ್ದರಿಂದ ಮೊದಲ ಹೆಜ್ಜೆ ನಕಲು. ಮೂಲ ಫೈಲನ್ನು ಇನ್ನೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಎರಡರ ಬೈಟುಗಳ ಸಂಖ್ಯೆಯೂ ಒಂದೇ ಇದೆಯೇ ಎಂದು ನೋಡಿ, ಮೂಲವನ್ನು ಎತ್ತಿಡಬೇಕು. ಇಲ್ಲಿಯೂ ಒಂದು ಮೋಸವಿದೆ. ಪೆನ್‌ಡ್ರೈವ್‌ಗೆ ಹಾಕಹೋದರೆ "ಫೈಲು ತೀರ ದೊಡ್ಡದು" ಎಂಬ ಸಂದೇಶ ಬರಬಹುದು. ಪೆನ್‌ಡ್ರೈವ್ ಖಾಲಿಯಿದ್ದರೂ ಹೀಗೇಕೆ ಎಂದು ಹಲವರು ಕೇಳಿದ್ದಾರೆ. ಅನೇಕ ಪೆನ್‌ಡ್ರೈವ್‌ಗಳು, 32 ಜಿಬಿವರೆಗಿನ ಕಾರ್ಡುಗಳು 'ಫ್ಯಾಟ್ 32' ಎಂಬ ಹಳೆಯ ಏರ್ಪಾಡಿನಲ್ಲಿರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲು ಹಿಡಿಸುವುದಿಲ್ಲ. ಫೈಲೂ ಕೆಟ್ಟಿಲ್ಲ, ಪೆನ್‌ಡ್ರೈವೂ ಕೆಟ್ಟಿಲ್ಲ. ಪೆನ್‌ಡ್ರೈವ್‌ನಲ್ಲಿರುವುದನ್ನೆಲ್ಲ ಬೇರೆಡೆಗೆ ತೆಗೆದಿಟ್ಟು, 'ಎಕ್ಸ್‌ಫ್ಯಾಟ್' ಎಂದು ಆರಿಸಿ ಫಾರ್ಮ್ಯಾಟ್ ಮಾಡಿದರೆ ದೊಡ್ಡ ಫೈಲು ಸಲೀಸಾಗಿ ಕುಳಿತುಕೊಳ್ಳುತ್ತದೆ. ಆ ಹಿರಿಯರ ಮಗ ತಂದಿದ್ದ ಪೆನ್‌ಡ್ರೈವ್‌ಗೂ ಇದನ್ನೇ ಮಾಡಬೇಕಾಯಿತು.

ಧ್ವನಿಯನ್ನು ಹೊರತೆಗೆಯುವುದು

ನಾವು ಬಳಸಿದ್ದು 'ಆಡಾಸಿಟಿ' ಎಂಬ ಉಚಿತ ತಂತ್ರಾಂಶ. ಅದರಲ್ಲಿ ಫೈಲನ್ನು ಎಂದಿನಂತೆ ತೆರೆಯಬಾರದು. ತೆರೆದರೆ ಅದೂ ತಲೆಬರಹವನ್ನೇ ನಂಬೀತು. 'ಫೈಲ್' ಎಂಬ ಪಟ್ಟಿಯಲ್ಲಿ 'ಇಂಪೋರ್ಟ್', ಅದರೊಳಗೆ 'ರಾ ಡೇಟಾ' ಎಂಬ ಆಯ್ಕೆಯಿದೆ. "ತಲೆಬರಹ ಏನು ಹೇಳಿದರೂ ಬೇಡ, ಒಳಗಿರುವುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಧ್ವನಿಯೆಂದೇ ಓದು" ಎಂಬುದು ಈ ಆಯ್ಕೆಯ ತಾತ್ಪರ್ಯ. ತಲೆಬರಹವನ್ನು ಕೇಳದ ಮೇಲೆ ಅದು ಹೇಳಬೇಕಾಗಿದ್ದ ಸಂಗತಿಗಳನ್ನು ನಾವೇ ಹೇಳಬೇಕಾಗುತ್ತದೆ. ನಮ್ಮ ಫೈಲಿಗೆ ಕೊಟ್ಟ ಉತ್ತರಗಳು ಇವು: ಸೈನ್ಡ್ 24 ಬಿಟ್ ಪಿಸಿಎಂ, ಬೈಟುಗಳ ಕ್ರಮ ಲಿಟಲ್ ಎಂಡಿಯನ್, ಚಾನೆಲ್ ಎರಡು, ಮಾದರಿ ವೇಗ 48,000, ಆರಂಭದಲ್ಲಿ ಬಿಡಬೇಕಾದ ಬೈಟುಗಳು, ಅಂದರೆ 'ಸ್ಟಾರ್ಟ್ ಆಫ್‌ಸೆಟ್', 44.

ಕೇಳುವ ಮೊದಲು ಸ್ಪೀಕರಿನ ಧ್ವನಿಯನ್ನು ತೀರ ಕಡಿಮೆ ಮಾಡಿಕೊಳ್ಳಬೇಕು. ಉತ್ತರಗಳಲ್ಲಿ ಒಂದು ತಪ್ಪಿದ್ದರೂ ಬರುವುದು ಭಜನೆಯಲ್ಲ, ಜಡಿಮಳೆ ತಗಡಿನ ಮೇಲೆ ಸುರಿದಂಥ ಭೋರೆಂಬ ಸದ್ದು. ನಮಗೂ ಮೊದಲ ಸಲ ಅದೇ ಕೇಳಿಸಿತು.

ಏಕೆ ಎಂಬುದನ್ನು ತಿಳಿದರೆ ಪರಿಹಾರ ಸುಲಭ. 44 ಬೈಟು ಎಂಬುದು ಅತಿ ಸರಳವಾದ ತಲೆಬರಹದ ಅಳತೆ. ಅನೇಕ ಯಂತ್ರಗಳು ದಿನಾಂಕ, ಯಂತ್ರದ ಹೆಸರು ಮೊದಲಾದವನ್ನು ಸೇರಿಸಿ ತಲೆಬರಹವನ್ನು ಉದ್ದ ಮಾಡಿರುತ್ತವೆ. 24 ಬಿಟ್ಟಿನ ಮುದ್ರಣದಲ್ಲಿ ಮೂರು ಮೂರು ಬೈಟು ಕೂಡಿದರೆ ಒಂದು ಮಾದರಿ. ಎಣಿಕೆ ಒಂದು ಬೈಟಿನಷ್ಟು ಹಿಂದುಮುಂದಾದರೂ ಪ್ರತಿಯೊಂದು ಮಾದರಿಯೂ ಪಕ್ಕದ ಮಾದರಿಯ ತುಂಡಿನೊಡನೆ ಕೂಡಿಕೊಂಡು ಎಲ್ಲವೂ ಗದ್ದಲವಾಗುತ್ತದೆ. ವಾಕ್ಯದಲ್ಲಿ ಪದಗಳ ನಡುವಣ ಬಿಡುವನ್ನೆಲ್ಲ ಒಂದೊಂದು ಅಕ್ಷರ ಮುಂದಕ್ಕೆ ಸರಿಸಿ ಓದಿದ ಹಾಗೆ. ಮೂರರ ಗುಂಪಾದ್ದರಿಂದ ಮೂರೇ ಸಾಧ್ಯತೆಗಳು. 44 ಹಾಕಿ ಗದ್ದಲ ಬಂದರೆ 45, ಅದೂ ಆಗದಿದ್ದರೆ 46 ಹಾಕಿ ನೋಡಬೇಕು. ಉಳಿದ ಉತ್ತರಗಳು ಸರಿಯಿದ್ದರೆ ಮೂರರಲ್ಲಿ ಒಂದಕ್ಕೆ ಧ್ವನಿ ತಿಳಿಯಾಗಿಯೇ ಬರುತ್ತದೆ. ನಮಗೆ 45ಕ್ಕೆ ತಿಳಿಯಾಯಿತು. ಎಡದ ಮೈಕು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದೆ ಎನಿಸಿದರೆ ಇನ್ನೊಂದು 3 ಕೂಡಿಸಿದರಾಯಿತು. ಆರಂಭದಲ್ಲಿ ಚಿಟ್ಟೆಂಬ ಚಿಕ್ಕ ಸದ್ದೊಂದು ಕೇಳಬಹುದು. ಅದು ತಲೆಬರಹದ ಉಳಿಕೆ. ಕೊನೆಯಲ್ಲಿಯೂ ಅಂಥದೇ ಇರಬಹುದು. ಅವನ್ನು ಕತ್ತರಿಸಿ ತೆಗೆಯಬಹುದು.

ಮುದ್ರಣ 16 ಬಿಟ್ಟಿನದೋ 24 ಬಿಟ್ಟಿನದೋ ನೆನಪಿಲ್ಲದಿದ್ದರೆ ಎರಡನ್ನೂ ಪ್ರಯತ್ನಿಸಬಹುದು. ತಪ್ಪಾದದ್ದು ಗದ್ದಲದಿಂದ ತಾನೇ ಗೊತ್ತಾಗುತ್ತದೆ. ಆದರೆ ಮಾದರಿ ವೇಗದ ತಪ್ಪು ಹಾಗೆ ಗೊತ್ತಾಗುವುದಿಲ್ಲ, ಅದಕ್ಕೇ ಅದು ಹೆಚ್ಚು ಅಪಾಯದ್ದು. 48,000ದ ಮುದ್ರಣವನ್ನು 44,100 ಎಂದು ಓದಿಸಿದರೆ ಹಾಡು ಚೆನ್ನಾಗಿಯೇ ಕೇಳಿಸುತ್ತದೆ. ಸ್ವಲ್ಪ ನಿಧಾನ, ಸ್ವಲ್ಪ ದಪ್ಪ ಕಂಠ. ವಯಸ್ಸಾದವರ ಧ್ವನಿಯಲ್ಲವೇ ಎಂದು ಒಪ್ಪಿಕೊಂಡುಬಿಡುವಷ್ಟು ಸಹಜವಾಗಿರುತ್ತದೆ. ಇದನ್ನು ಕಂಡುಹಿಡಿಯಲು ನಮಗೆ ನೆರವಾದದ್ದು ಹಾರ್ಮೋನಿಯಂ. ವೇಗದ ಈ ತಪ್ಪಿನಿಂದ ಶ್ರುತಿ ಸುಮಾರು ಒಂದೂವರೆ ಮನೆಯಷ್ಟು ಕೆಳಗಿಳಿಯುತ್ತದೆ. ಆ 'ಅರ್ಧ'ದಿಂದಾಗಿ ಹಾಡು ಪೆಟ್ಟಿಗೆಯ ಯಾವ ಕಪ್ಪು ಬಿಳಿ ಮನೆಗೂ ಕೂಡದೆ ಎರಡರ ನಡುವೆ ತೇಲುತ್ತದೆ. ಮೇಳದವರು ಆ ರಾತ್ರಿ ನುಡಿಸಿದ್ದ ಪೆಟ್ಟಿಗೆಯನ್ನೇ ತರಿಸಿ ಮುದ್ರಣದೊಡನೆ ನುಡಿಸಿ ನೋಡಿದೆವು. 48,000ಕ್ಕೆ ಸರಿಯಾಗಿ ಕೂಡಿತು. ಅವಧಿಯಿಂದಲೂ ಪರೀಕ್ಷಿಸಬಹುದು: ತಪ್ಪು ವೇಗದಲ್ಲಿ ಐದು ಗಂಟೆಯ ಭಜನೆ 5 ಗಂಟೆ 26 ನಿಮಿಷವಾಗುತ್ತದೆ.

ಇನ್ನೊಂದು ಮಾತು ಡಿಸ್ಕಿನ ಜಾಗದ ಬಗ್ಗೆ. ಆಡಾಸಿಟಿಯು ಧ್ವನಿಯನ್ನು ತನ್ನೊಳಗೆ ಇನ್ನೂ ಅಗಲವಾದ 32 ಬಿಟ್ಟಿನ ರೂಪದಲ್ಲಿ ಇಟ್ಟುಕೊಳ್ಳುವುದೇ ವಾಡಿಕೆ. ಐದು ಗಂಟೆಯ ಎರಡು ಮೈಕಿನ ಮುದ್ರಣಕ್ಕೆ ಹೀಗೆ ಸುಮಾರು 7 ಜಿಬಿ ಬೇಕಾಗುತ್ತದೆ. ಮೂಲದ ನಕಲಿಗೆ 5, ಹೊರತೆಗೆದ ಫೈಲಿಗೆ ಮತ್ತಷ್ಟು. ಹದಿನೈದು ಇಪ್ಪತ್ತು ಜಿಬಿಯಾದರೂ ಖಾಲಿ ಇಟ್ಟುಕೊಂಡೇ ಕೆಲಸಕ್ಕೆ ಕೂರುವುದು ಒಳ್ಳೆಯದು.

ಸಿಕ್ಕಿದ ಧ್ವನಿಯನ್ನು ಉಳಿಸುವಾಗ ಮತ್ತೆ ಒಂದೇ ದೊಡ್ಡ ವೇವ್ ಫೈಲಾಗಿ ಉಳಿಸಿದರೆ ಅದೇ ಗುಂಡಿಗೆ ಎರಡನೆಯ ಸಲ ಬಿದ್ದಂತೆ. ನಾವು 'ಫ್ಲ್ಯಾಕ್' ರೂಪದಲ್ಲಿ, ಒಂದೊಂದು ಗಂಟೆಯ ತುಂಡುಗಳಾಗಿ ಉಳಿಸಿದೆವು. ಫ್ಲ್ಯಾಕ್‌ನಲ್ಲಿ ಗಾತ್ರ ಎಷ್ಟೋ ಕಡಿಮೆಯಾದರೂ ಧ್ವನಿಯ ಒಂದು ಕಣವೂ ನಷ್ಟವಾಗುವುದಿಲ್ಲ. ಎಂಪಿ3 ಹಾಗಲ್ಲ, ಅದು ಗಾತ್ರ ಇಳಿಸಲು ಧ್ವನಿಯನ್ನೇ ಸ್ವಲ್ಪ ಸ್ವಲ್ಪ ಕೈಬಿಡುತ್ತದೆ. ಮೊಬೈಲಿನಲ್ಲಿ ಕೇಳಲು ಎಂಪಿ3 ಸಾಕು, ಕಾಪಿಡಲು ಸಾಲದು. ವೇವ್ ರೂಪವೇ ಬೇಕೆನ್ನುವವರಿಗೆ 'ಆರ್‌ಎಫ್ 64' ಎಂಬುದಿದೆ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು ಇದೇ 4 ಜಿಬಿಯ ತೊಡಕನ್ನು ನಿವಾರಿಸಲೆಂದು ರೂಪಿಸಿದ ಕಟ್ಟಳೆ ಅದು. ಸಂಖ್ಯೆ ಬರೆಯುವ ಜಾಗವನ್ನು 64 ಬಿಟ್ಟಿಗೆ ಹಿಗ್ಗಿಸಿರುವುದರಿಂದ ಅದು ತುಂಬುವ ಭಯವಿಲ್ಲ. ಆಡಾಸಿಟಿಯಲ್ಲಿಯೂ ಆ ಆಯ್ಕೆ ಉಂಟು. ಕಂಪ್ಯೂಟರಿನಲ್ಲಿ ಹೆಚ್ಚು ಪಳಗಿದವರು 'ಎಫ್‌ಎಫ್‌ಎಂಪೆಗ್' ಎಂಬ ತಂತ್ರಾಂಶಕ್ಕೆ ತಲೆಬರಹದ ಉದ್ದವನ್ನು ಕಡೆಗಣಿಸುವಂತೆ ಆಜ್ಞೆ ಕೊಟ್ಟು ಇದೇ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು. ಅಲ್ಲಿ ವೇಗ, ಬಿಟ್ಟುಗಳನ್ನು ಅದು ತಲೆಬರಹದಿಂದಲೇ ಸರಿಯಾಗಿ ಓದಿಕೊಳ್ಳುತ್ತದೆ.

ಮೊಬೈಲಿನಲ್ಲಿ ಮುದ್ರಿಸಿದವರು ಮಾತ್ರ ಒಂದು ಸಂಗತಿ ಗಮನಿಸಬೇಕು. ಮೊಬೈಲುಗಳ ಮುದ್ರಣ ಬಹುತೇಕ ಎಂ4ಎ ಅಥವಾ ಎಂಪಿ4 ರೂಪದ್ದು. ಅದರಲ್ಲಿ ಧ್ವನಿ ಸಾಲಾಗಿ ಇರುವುದಿಲ್ಲ, ಅಡಕಗೊಂಡ ತುಂಡುಗಳಾಗಿರುತ್ತದೆ. ಯಾವ ತುಂಡು ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ಮುದ್ರಣ ಮುಗಿದ ಮೇಲೆ ಬರೆಯಲಾಗುತ್ತದೆ. ನಡುವೆ ಮೊಬೈಲು ಆರಿಹೋದರೆ ಸೂಚಿಯೇ ಇರುವುದಿಲ್ಲ. ಮೇಲೆ ಹೇಳಿದ ಉಪಾಯ ಅಲ್ಲಿ ನಡೆಯುವುದಿಲ್ಲ. ಅದೇ ಮೊಬೈಲಿನಲ್ಲಿ, ಅದೇ ಆಯ್ಕೆಗಳೊಡನೆ ಮುದ್ರಿಸಿದ ಇನ್ನೊಂದು ಒಳ್ಳೆಯ ಫೈಲನ್ನು ಮಾದರಿಯಾಗಿಟ್ಟುಕೊಂಡು ಸೂಚಿಯನ್ನು ಮತ್ತೆ ಕಟ್ಟುವ ತಂತ್ರಾಂಶಗಳಿವೆ. ಆದ್ದರಿಂದ ಆ ಮೊಬೈಲನ್ನು ಮಾರುವ ಮುನ್ನ ಅಂಥ ಒಂದು ಚಿಕ್ಕ ಮುದ್ರಣವನ್ನಾದರೂ ಮಾಡಿಟ್ಟುಕೊಳ್ಳಿ.

ಮುಂದೆ ಮುದ್ರಿಸುವವರಿಗೆ

ಹಿಂದಿನ ಯಂತ್ರಗಳು ಒಂದು ವಿಷಯದಲ್ಲಿ ಇವುಗಳಿಗಿಂತ ಪ್ರಾಮಾಣಿಕವಾಗಿದ್ದವು ಎನಿಸುತ್ತದೆ. 90 ನಿಮಿಷದ ಕ್ಯಾಸೆಟ್ಟು 45 ನಿಮಿಷಕ್ಕೆ ಖಟ್ಟೆಂದು ನಿಲ್ಲುತ್ತಿತ್ತು. ಮಗ್ಗುಲು ಬದಲಿಸಬೇಕೆಂದು ಎಲ್ಲರಿಗೂ ತಿಳಿಯುತ್ತಿತ್ತು. ಆಕಾಶವಾಣಿಯವರು ಬಳಸುತ್ತಿದ್ದಂಥ ಸುರುಳಿ ಟೇಪು 1,200 ಅಡಿಯದಾದರೆ, ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ 32 ನಿಮಿಷಕ್ಕೆ ಮುಗಿದು ಬಾಲ ಬಡಿಯುತ್ತ ತಿರುಗುತ್ತಿತ್ತು. ಈಗಿನ ಯಂತ್ರ ಮಿತಿಯನ್ನು ದಾಟಿದ ಮೇಲೂ ಕೆಂಪು ದೀಪ ಉರಿಸುತ್ತ ಎಲ್ಲವೂ ಸರಿಯಿದೆ ಎಂಬಂತೆ ಕುಳಿತಿರುತ್ತದೆ. ಅದರ ಪರವಾಗಿ ಎಚ್ಚರವನ್ನು ನಾವೇ ವಹಿಸಬೇಕು.

ಎರಡು ಮೈಕಿನ 48,000 ವೇಗದ 24 ಬಿಟ್ಟಿನ ವೇವ್ ಮುದ್ರಣಕ್ಕೆ ಗಡಿ 4 ಗಂಟೆ 8 ನಿಮಿಷ. ಸಿ.ಡಿ.ಯ ಮಟ್ಟದ 44,100 ವೇಗದ 16 ಬಿಟ್ಟಿನಲ್ಲಾದರೆ 6 ಗಂಟೆ 45 ನಿಮಿಷ. ಪ್ರವಚನದಂತೆ ಒಬ್ಬರೇ ಮಾತನಾಡುವಲ್ಲಿ ಒಂದೇ ಮೈಕಿನ ಮೋನೊ ಮುದ್ರಣ ಸಾಕು. ಆಗ ಈ ಅವಧಿಗಳು ಇಮ್ಮಡಿಯಾಗುತ್ತವೆ. ಗುಣಮಟ್ಟವನ್ನು 48,000, 24 ಬಿಟ್ಟಿಗಿಂತ ಕೆಳಗೆ ಇಳಿಸದಿರುವುದು ಒಳಿತು. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘವೂ ಕಾಪಿಡುವ ಮುದ್ರಣಕ್ಕೆ ಇದನ್ನೇ ಕನಿಷ್ಠ ಮಟ್ಟವೆಂದು ಹೇಳಿದೆ. ಗಡಿಯವರೆಗೆ ಹೋಗದೆ, ಗಂಟೆಗೊಮ್ಮೆ ಒಂದು ಪದ ಮುಗಿದು ಇನ್ನೊಂದು ಆರಂಭವಾಗುವ ನಡುವೆ ನಿಲ್ಲಿಸಿ ಹೊಸ ಫೈಲು ತೆರೆಯುವುದೇ ಎಲ್ಲಕ್ಕಿಂತ ಸುಲಭ. ಕೈಯಲ್ಲಿ ಹಿಡಿಯುವ ಅನೇಕ ರೆಕಾರ್ಡರುಗಳು 2 ಅಥವಾ 4 ಜಿಬಿಗೆ ತಾವೇ ಫೈಲನ್ನು ತುಂಡರಿಸಿಕೊಳ್ಳುತ್ತವೆ. ಆಗ ಒಂದೇ ಭಜನೆಗೆ ಎರಡು ಮೂರು ಫೈಲುಗಳಿರುತ್ತವೆ. ಮೊದಲನೆಯದನ್ನು ಮಾತ್ರ ನಕಲು ಮಾಡಿಕೊಂಡು ಕಾರ್ಡು ಅಳಿಸಿದವರನ್ನೂ ನಾವು ಕಂಡಿದ್ದೇವೆ.

ಮುದ್ರಣದ ಆರಂಭದಲ್ಲಿ ಒಬ್ಬರು ಮೈಕಿನ ಮುಂದೆ ದಿನಾಂಕ, ಊರು, ಹಾಡುವವರ ಹೆಸರುಗಳನ್ನು ಬಾಯಿಂದಲೇ ಹೇಳಿಬಿಡಬೇಕು. ತಲೆಬರಹ ಕೆಟ್ಟರೂ ಇದು ಕೆಡುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ರಾತ್ರಿಯಿಡೀ ಹಾಡುವವರು ಭಜನಾ ಮೇಳದವರು ಮಾತ್ರವೇ ಅಲ್ಲ. ಡಮಾಮಿ ಬಾರಿಸುತ್ತ ಹಾಡುವ ಸಿದ್ದಿ ಬಂಧುಗಳಿದ್ದಾರೆ, ಗೌಳಿಗರಿದ್ದಾರೆ, ಜೋಯಿಡಾದ ಕುಣಬಿಗಳಿದ್ದಾರೆ. ಮುಂಡಗೋಡಿನ ಟಿಬೆಟನ್ ನೆಲೆಯ ವಿಹಾರಗಳಲ್ಲಿ ಬೋಧೆ ದಿನಗಟ್ಟಲೆ ನಡೆಯುತ್ತದೆ. ಅವರ ಮುದ್ರಣಗಳಿಗೂ ಇದೇ ಗಡಿ, ಇದೇ ಪರಿಹಾರ. ನೆರೆಹೊರೆಯವರ ಇಂಥ ಫೈಲು ಕಂಡರೆ ನಮ್ಮ ಯುವಕರು ನೆರವಾಗಬೇಕು. ಆದರೆ ಅವರ ಹಾಡು ಅವರದು. ಕೇಳದೆ ನಮ್ಮಲ್ಲಿ ಇಟ್ಟುಕೊಳ್ಳುವುದಾಗಲಿ, ಹಂಚುವುದಾಗಲಿ ಸಲ್ಲದು. ನಮ್ಮ ಮೇಳಗಳ ವಿಷಯದಲ್ಲಿಯೂ ಹಾಗೆಯೇ. ಹಾಡಿನ ನಡುವೆ ಮನೆಮಾತು, ಒಬ್ಬರ ಕಷ್ಟಸುಖ, ಎತ್ತಿನ ಬೆಲೆ ಎಲ್ಲವೂ ಮುದ್ರಣವಾಗಿರುತ್ತದೆ.

ಕಲ್ಯಾಣದ ವಿಪ್ಲವದ ನಂತರ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿಗೆ ಬಂದರೆಂಬುದು ನಮ್ಮ ಪರಂಪರೆಯ ನಂಬಿಕೆ. ಮನೆಮನೆಯ ಜಗಲಿಯಲ್ಲಿ ಪೂಜೆಗೊಳ್ಳುತ್ತ ಉಳಿದಿದ್ದ ತಾಡವೋಲೆಗಳನ್ನು ಹುಡುಕಿ ತೆಗೆದು ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಆ ಕಟ್ಟುಗಳನ್ನು ಓದಲು ಬಾರದವರೂ ಎಸೆಯದೆ ಇಟ್ಟುಕೊಂಡಿದ್ದರು ಎಂಬುದನ್ನು ನಾವು ಈ ಫೈಲಿನ ಕೆಲಸದಲ್ಲಿ ಮತ್ತೆ ಮತ್ತೆ ನೆನೆದೆವು.

ಆ ಹಿರಿಯರ ಹಾಡು ಫೈಲಿನಲ್ಲಿ ಆರಂಭವಾಗುವುದು 3 ಗಂಟೆ 10 ನಿಮಿಷದ ಸುಮಾರಿಗೆ. ಅಲ್ಲಿಂದ ಬೆಳಗಿನ ಮಂಗಳದವರೆಗೆ ಒಟ್ಟು ಹದಿನಾಲ್ಕು ಪದಗಳಿವೆ. ಅವರ ಮಗನನ್ನೂ ಸೊಸೆಯನ್ನೂ ಕರೆಸಿ, ಕೂಡಿ ಕುಳಿತು ಕೇಳಿ, ಪದಗಳನ್ನು ಬರೆದುಕೊಂಡೆವು. ಎರಡು ಕಡೆ ನಮಗೆ ತಿಳಿಯದ ಮಾತನ್ನು ಸೊಸೆಯೇ ಬಿಡಿಸಿ ಹೇಳಿದರು. ಬೀಸುವಾಗ ಅವರು ಮಾವನವರಿಂದ ಕೇಳುತ್ತಿದ್ದ ಪದವಂತೆ ಅದು. ಒಂದು ಪ್ರತಿ ಅವರ ಮನೆಯಲ್ಲಿ, ಒಂದು ಮೇಳದವರಲ್ಲಿ, ಒಂದು ನಮ್ಮಲ್ಲಿದೆ. ತಲೆಬರಹ ತಪ್ಪಿರುವ ಮೂಲ ಫೈಲನ್ನೂ ಹಾಗೆಯೇ ಇಟ್ಟಿದ್ದೇವೆ.